ಬಾಣಂತಿಯ ಮನಸ್ಸು: ಪ್ರಸವಾನಂತರದ ಖಿನ್ನತೆಯ ಬಗ್ಗೆ ತಿಳಿಯೋಣ



ನಮ್ಮ ಕೂಟದಲ್ಲಿ ಯಾರ ಮನೆಯಲ್ಲಾದರೂ ಮಗು ಹುಟ್ಟಿದರೆ ನಾವೆಲ್ಲ ಫೋನ್ ಮಾಡಿ ವಿಚಾರಿಸುತ್ತೇವೆ. ಮಗುವಿನ ತೂಕ ಎಷ್ಟು, ಹೆಸರೇನು, ಯಾರ ಹೋಲಿಕೆ? ತಾಯಿಯ ವಿಷಯ "ನಾರ್ಮಲ್ಲಾ, ಸಿಸೇರಿಯನ್ನಾ?" ಎಂಬಲ್ಲಿಗೆ ಮುಗಿಯುತ್ತದೆ. ಆದರೆ ಅಮೆರಿಕದಲ್ಲಿ ಸುಮಾರು ಎಂಟು ಬಾಣಂತಿಯರಲ್ಲಿ ಒಬ್ಬರಿಗೆ ಖಿನ್ನತೆಯ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ನಾನು ವೈದ್ಯನಲ್ಲ, ಸಾಫ್ಟ್‌ವೇರ್ ಇಂಜಿನಿಯರ್. ಓದಿ ತಿಳಿದುಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಬೇಸರವೋ, ಕಾಯಿಲೆಯೋ?

ಹೆರಿಗೆಯಾದ ಎರಡು ಮೂರು ದಿನಕ್ಕೆ ಸುಮ್ಮಸುಮ್ಮನೆ ಅಳು, ಸಿಡುಕು, ಆತಂಕ ಬರುವುದು ಬಹುಪಾಲು ತಾಯಂದಿರಲ್ಲಿ ಸಾಮಾನ್ಯ. ಇದಕ್ಕೆ ಇಲ್ಲಿ 'ಬೇಬಿ ಬ್ಲೂಸ್' ಎನ್ನುತ್ತಾರೆ. ಎರಡು ವಾರದೊಳಗೆ ತಾನಾಗಿಯೇ ಕಡಿಮೆಯಾಗುತ್ತದೆ.

ಎರಡು ವಾರ ದಾಟಿದರೂ ಕೆಳಗಿನ ಲಕ್ಷಣಗಳು ಉಳಿದರೆ ಅದು ಖಿನ್ನತೆ ಇರಬಹುದು:

- ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ದಿನವಿಡೀ ದುಃಖ
- ಮಗು ಮಲಗಿದಾಗಲೂ ನಿದ್ದೆ ಬಾರದಿರುವುದು
- ಮಗುವಿನ ಮೇಲೆ ಮಮತೆಯೇ ಹುಟ್ಟುತ್ತಿಲ್ಲ ಎನ್ನಿಸುವುದು
- "ನಾನು ಒಳ್ಳೆಯ ತಾಯಿಯಲ್ಲ" ಎಂಬ ಅಪರಾಧಿ ಭಾವ
- ಸಾಯುವ ಯೋಚನೆ

ಇದು ಸೋಮಾರಿತನವಲ್ಲ, ತಾಯ್ತನದ ಕೊರತೆಯೂ ಅಲ್ಲ. ಹೆರಿಗೆಯ ನಂತರ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟೆರಾನ್ ಹಾರ್ಮೋನುಗಳು ಕೆಲವೇ ದಿನಗಳಲ್ಲಿ ಥಟ್ಟನೆ ಇಳಿಯುತ್ತವೆ. ಅದರ ಜೊತೆಗೆ ನಿದ್ದೆಗೇಡು, ಒಂಟಿತನ. ಹಿಂದೆ ಖಿನ್ನತೆ ಇದ್ದವರಿಗೆ ಅಪಾಯ ಹೆಚ್ಚು. ಥೈರಾಯ್ಡ್ ಏರುಪೇರಿನಿಂದಲೂ ಇಂಥದೇ ಲಕ್ಷಣಗಳು ಬರಬಹುದಾದ್ದರಿಂದ ರಕ್ತಪರೀಕ್ಷೆಯ ಬಗ್ಗೆ ಡಾಕ್ಟರನ್ನು ಕೇಳಿ.

ಅಜ್ಜಿ ಊರಿಗೆ ಹೊರಟ ಮೇಲೆ

ಊರಿನಲ್ಲಾದರೆ ತವರಿನಲ್ಲಿ ಬಾಣಂತನ. ಎಣ್ಣೆನೀರು, ಪಥ್ಯದ ಅಡುಗೆ, ಮಗುವನ್ನು ಎತ್ತಿಕೊಳ್ಳಲು ನಾಲ್ಕು ಕೈ. ಇಲ್ಲಿ ಅಮ್ಮನೋ ಅತ್ತೆಯೋ ವಿಸಿಟರ್ ವೀಸಾದಲ್ಲಿ ಬಂದು, ಆರು ತಿಂಗಳೊಳಗೆ ವಾಪಸು ಹೊರಡುತ್ತಾರೆ. ಗಂಡನ ರಜೆ ಅದಕ್ಕೂ ಮೊದಲೇ ಮುಗಿದಿರುತ್ತದೆ. ಖಿನ್ನತೆ ಮೊದಲ ವರ್ಷದಲ್ಲಿ ಯಾವಾಗ ಬೇಕಾದರೂ ಶುರುವಾಗಬಹುದು. ಆದ್ದರಿಂದ ಅಜ್ಜಿಯನ್ನು ಏರ್‌ಪೋರ್ಟಿಗೆ ಬಿಟ್ಟು ಬಂದ ಮೇಲಿನ ವಾರಗಳಲ್ಲಿ ವಿಶೇಷ ಗಮನವಿರಲಿ.

ಹಾಗೆಂದು ಇದು ಪರದೇಶದ ಕಾಯಿಲೆಯಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ದಾಖಲಿಸಿಕೊಂಡು ಚಿಕಿತ್ಸೆ ಕೊಡುವ ಪ್ರತ್ಯೇಕ ವಿಭಾಗವೇ ಇದೆ.

ಹತ್ತು ಪ್ರಶ್ನೆಗಳು

1987ರಲ್ಲಿ ಸ್ಕಾಟ್ಲೆಂಡಿನಲ್ಲಿ ರೂಪಿಸಿದ 'ಎಡಿನ್‌ಬರೋ ಸ್ಕೇಲ್' ಎಂಬ ಪ್ರಶ್ನಾವಳಿಯನ್ನು ಇಂದು ಜಗತ್ತಿನೆಲ್ಲೆಡೆ ಬಳಸುತ್ತಾರೆ. ಕಳೆದ ಏಳು ದಿನಗಳ ಬಗ್ಗೆ ಹತ್ತು ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 3 ಅಂಕ, ಒಟ್ಟು 30. ಕನ್ನಡದಲ್ಲೂ ಇದು ಇದೆ. 10 ಅಥವಾ ಹೆಚ್ಚು ಬಂದರೆ ಡಾಕ್ಟರನ್ನು ಕಾಣಬೇಕು. ಹತ್ತನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅದಕ್ಕೆ ಸೊನ್ನೆ ಬಿಟ್ಟು ಬೇರೆ ಯಾವ ಉತ್ತರ ಬಂದರೂ ಒಟ್ಟು ಅಂಕ ನೋಡದೆ ಅಂದೇ ಸಹಾಯ ಪಡೆಯಿರಿ. ಮಗುವಿನ ಡಾಕ್ಟರರ ಬಳಿ ಹೋದಾಗ ಈ ಹಾಳೆ ಕೊಟ್ಟರೆ ಎಲ್ಲಕ್ಕೂ "ಚೆನ್ನಾಗಿದ್ದೇನೆ" ಎಂದು ಗುರುತು ಹಾಕಿ ಕೊಡಬೇಡಿ.

ಮನೆಯವರು ಏನು ಮಾಡಬಹುದು?

- "ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ" ಎನ್ನಬೇಡಿ. ಅವಳು ಹೇಳುವುದನ್ನು ಕೇಳಿ.
- ರಾತ್ರಿ ಒಂದು ಸರದಿ ಗಂಡ ಎದ್ದು, ಅವಳಿಗೆ ನಾಲ್ಕೈದು ಗಂಟೆ ಒಂದೇ ಸಮನೆ ನಿದ್ದೆ ಸಿಗುವಂತೆ ಮಾಡಲಿ.
- ಅಪಾಯಿಂಟ್‌ಮೆಂಟ್ ನೀವೇ ತೆಗೆದುಕೊಂಡು ಜೊತೆಗೆ ಹೋಗಿ.
- ಅಪ್ಪಂದಿರಿಗೂ ಖಿನ್ನತೆ ಬರಬಹುದು. ಅವರನ್ನೂ ವಿಚಾರಿಸಿ.

ಚಿಕಿತ್ಸೆ ಇದೆ. ಕೆಲವರಿಗೆ ಕೌನ್ಸೆಲಿಂಗ್ ಸಾಕು, ಕೆಲವರಿಗೆ ಮಾತ್ರೆ ಬೇಕು. ಸರ್ಟ್ರಲಿನ್‌ನಂಥ ಮಾತ್ರೆ ಎದೆಹಾಲಿಗೆ ಸೇರುವುದು ಬಹಳ ಕಡಿಮೆ. ಹಾಲು ನಿಲ್ಲಿಸಬೇಕಾಗುತ್ತದೆ ಎಂಬ ಹೆದರಿಕೆಯಿಂದ ಡಾಕ್ಟರನ್ನು ಕಾಣದಿರಬೇಡಿ.

ತುರ್ತು ಪರಿಸ್ಥಿತಿ

ಇಲ್ಲದ ಧ್ವನಿ ಕೇಳಿಸುವುದು, ವಿಚಿತ್ರ ನಂಬಿಕೆ, ನಿದ್ದೆಯೇ ಬೇಡವೆನ್ನುವಂತೆ ಓಡಾಡುವುದು, ಇವು ನಮ್ಮ ಹಿರಿಯರು 'ಬಾಣಂತಿ ಸನ್ನಿ' ಎನ್ನುತ್ತಿದ್ದ ಸ್ಥಿತಿಯ ಚಿಹ್ನೆಗಳು. ಸಾವಿರಕ್ಕೆ ಒಬ್ಬಿಬ್ಬರಿಗೆ ಬರುತ್ತದೆ. ತಾಯಿ ಮಗುವನ್ನು ಒಂಟಿಯಾಗಿ ಬಿಡದೆ ತಕ್ಷಣ 911ಕ್ಕೆ ಕರೆ ಮಾಡಿ. ಆತ್ಮಹತ್ಯೆಯ ಯೋಚನೆ ಬಂದರೆ 988. ತಾಯಂದಿರಿಗಾಗಿಯೇ 2022ರಲ್ಲಿ ಶುರುವಾದ ಉಚಿತ ಸಹಾಯವಾಣಿ 1-833-852-6262, ಹಗಲೂ ರಾತ್ರಿಯೂ ಇರುತ್ತದೆ.

ಮುಂದಿನ ಸಲ ಬಾಣಂತಿಯ ಮನೆಗೆ ಹೋದಾಗ ಒಂದು ಡಬ್ಬಿ ಸಾರು ತೆಗೆದುಕೊಂಡು ಹೋಗಿ. ಮಗುವನ್ನು ನೋಡುವ ಮುಂಚೆ ಅವಳ ಪಕ್ಕ ಕುಳಿತು "ನೀನು ಹೇಗಿದ್ದೀಯಮ್ಮಾ?" ಎಂದು ಕೇಳಿ. ಉತ್ತರ ಬರುವವರೆಗೂ ಕಾಯಿರಿ.