ಟೊಟೊರೊನ ಮಣ್ಣು, ನಮ್ಮೂರ ಎರೆ

ಹಗಲೆಲ್ಲ ಲೆಕ್ಕಪತ್ರ, ರಾತ್ರಿ ಊಟವಾದ ಮೇಲೆ ಬಣ್ಣ. ಬಹಳ ವರ್ಷಗಳಿಂದ ನನ್ನ ದಿನಚರಿ ಹೀಗೇ ಇದೆ. ಕಲಾಶಾಲೆಯ ಮೆಟ್ಟಿಲು ಹತ್ತಿಲ್ಲ. ಕಲಿತದ್ದೆಲ್ಲ ಮೆಚ್ಚಿದ ಸಿನಿಮಾ, ಕಾಮಿಕ್ಸ್, ಪತ್ರಿಕೆಗಳಿಂದ. ಚಿಕ್ಕಂದಿನಲ್ಲಿ ಚಂದಮಾಮದ ಶಂಕರ್ ಅವರ ವಿಕ್ರಮ–ಬೇತಾಳವನ್ನು ಎಷ್ಟು ಸಲ ತಿದ್ದಿದೆನೋ. ಹೆಗಲ ಮೇಲಿನ ಹೆಣದ ಭಾರ ರಾಜನ ನಡಿಗೆಯಲ್ಲೇ ಕಾಣುವಂತೆ ಅವರು ಬರೆದದ್ದು ಹೇಗೆಂದು ಇವತ್ತಿಗೂ ಬೆರಗಾಗುತ್ತದೆ. ಆಮೇಲೆ ಆಟೋಗಳ ಬೆನ್ನ ಮೇಲಿನ ಶಂಕರ್‌ನಾಗ್. 1980ರ ‘ಆಟೋ ರಾಜ’ ಬಂದು ಇಷ್ಟು ಕಾಲವಾದರೂ ಆ ಮುಖ ನಮ್ಮ ರಸ್ತೆ ಬಿಟ್ಟು ಹೋಗಿಲ್ಲ. ಕಣ್ಣಿನ ಚೂಪು, ಗಡ್ಡದ ಅಂಚು ಇವೆರಡು ಕೂತರೆ ಸಾಕು, ದೂರದಿಂದಲೇ ಗುರುತು ಹತ್ತುತ್ತದೆ. ಹೋಲಿಕೆ ಎಲ್ಲಿ ಅಡಗಿರುತ್ತದೆ ಎಂಬುದನ್ನು ನನಗೆ ತಿಳಿಸಿಕೊಟ್ಟವರು ಹೆಸರು ಹಾಕದೆ ಹೋದ ಆ ಪೇಂಟರುಗಳು.

ಆದರೆ ನನ್ನನ್ನು ನಿಜಕ್ಕೂ ಹಿಡಿದು ಕೂರಿಸಿದ್ದು ಒಂದು ಜಪಾನಿ ಚಿತ್ರ. ಹಯಾವೊ ಮಿಯಾಜಾಕಿ ನಿರ್ದೇಶಿಸಿದ, ಸ್ಟುಡಿಯೊ ಜಿಬ್ಲಿಯ ‘ಮೈ ನೇಬರ್ ಟೊಟೊರೊ’, 1988ರದು. ತಾಯಿ ಆಸ್ಪತ್ರೆಯಲ್ಲಿದ್ದಾಳೆ. ಸತ್ಸುಕಿ, ಮೇ ಎಂಬ ಅಕ್ಕತಂಗಿಯರು ಅಪ್ಪನೊಡನೆ ಹಳ್ಳಿಯ ಹಳೇ ಮನೆಗೆ ಬರುತ್ತಾರೆ. ಪಕ್ಕದಲ್ಲೊಂದು ದೈತ್ಯ ಕರ್ಪೂರದ ಮರ, ಅದರಲ್ಲಿ ಟೊಟೊರೊ. ಎಲ್ಲರೂ ಟೊಟೊರೊನ ಹೊಟ್ಟೆ ನೋಡಿ ನಗುತ್ತಾರೆ. ನನ್ನ ಕಣ್ಣು ಅವನ ಹಿಂದಿನ ಗಿಡ, ಬೇಲಿ, ಗದ್ದೆಯ ಬದುವಿನಲ್ಲಿ ಸಿಕ್ಕಿಹಾಕಿಕೊಂಡಿತು. ಅವುಗಳ ಹಿಂದಿದ್ದವರು ಚಿತ್ರದ ಕಲಾ ನಿರ್ದೇಶಕ ಕಜುವೊ ಓಗಾ.

ಓಗಾ ಬಳಸುವುದು ಪೋಸ್ಟರ್ ಕಲರ್ ಎಂದು ಓದಿದ ದಿನ ನನಗಾದ ಸಂತೋಷ ಹೇಳತೀರದು. ನಮ್ಮ ಶಾಲೆಯ ಡ್ರಾಯಿಂಗ್ ಪಿರಿಯಡ್ಡಿನಲ್ಲಿ ಸಣ್ಣ ಸೀಸೆಗಳಲ್ಲಿ ಸಿಗುತ್ತಿತ್ತಲ್ಲ, ಅದೇ ಜಾತಿಯ ಬಣ್ಣ! ಅವರದು ನಿಕರ್ ಕಂಪನಿಯದು, ನನ್ನದು ಕ್ಯಾಮಲ್. ಅಂದೇ ಪೇಟೆಗೆ ಹೋಗಿ ಕೊಂಡು ತಂದೆ. ಚಿತ್ರವನ್ನು ಒಂದೊಂದು ದೃಶ್ಯಕ್ಕೆ ನಿಲ್ಲಿಸಿ ನಕಲು ಮಾಡತೊಡಗಿದೆ.

ನಕಲು ಮಾಡುವುದನ್ನು ಕೀಳಾಗಿ ಕಾಣುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸುಮ್ಮನೆ ನೋಡುವಾಗ ಕಾಣದ್ದು ಕೈ ಆಡಿಸುವಾಗ ಕಾಣುತ್ತದೆ. ಓಗಾ ಅವರ ಹಸಿರಿಗೆ ನಾನು ಸೀಸೆಯ ಹಸಿರನ್ನು ಹಾಗೇ ಹಚ್ಚಿದರೆ ಪ್ಲಾಸ್ಟಿಕ್ಕಿನ ಎಲೆಯಾಗುತ್ತಿತ್ತು. ಅದಕ್ಕೆ ಯೆಲ್ಲೋ ಓಕರ್, ಚೂರು ಬರ್ನ್ಟ್ ಸಿಯೆನ್ನಾ ಬೆರೆಸಿದಾಗ ಎಲೆಗೆ ಬಿಸಿಲು ಬಿತ್ತು. ಪೋಸ್ಟರ್ ಕಲರಿಗೆ ತನ್ನದೇ ಹಟವುಂಟು. ತಿಳಿ ಬಣ್ಣ ಒಣಗಿದಾಗ ಒಂದಿಷ್ಟು ಗಾಢವಾಗುತ್ತದೆ, ಗಾಢ ಬಣ್ಣ ತಿಳಿಯಾಗುತ್ತದೆ. ಹಾಗಾಗಿ ಅದೇ ಕಾಗದದ ಚೂರಿಗೆ ಹಚ್ಚಿ, ಒಣಗಲು ಬಿಟ್ಟು, ಆಮೇಲೆ ತೀರ್ಮಾನಿಸಬೇಕು. ಒಣಗಿದ ಪದರದ ಮೇಲೆ ಒದ್ದೆ ಕುಂಚ ಎರಡು ಸಲ ಹೋದರೆ ಕೆಳಗಿನ ಬಣ್ಣ ಎದ್ದು ಬಂದು ಮೇಲಿನದಕ್ಕೆ ಕಲೆಯುತ್ತದೆ. ಒಂದೇ ಏಟಿಗೆ ಹಚ್ಚಿ ಕೈ ತೆಗೆಯಬೇಕು. ಆಕಾಶಕ್ಕೆ ಮಾತ್ರ ಮೊದಲೇ ಕಾಗದವನ್ನು ಒದ್ದೆ ಮಾಡಿಕೊಳ್ಳಬೇಕು.

ಇನ್ನೊಂದು ಸಂಗತಿ ನಿಧಾನವಾಗಿ ಹೊಳೆಯಿತು. ಆಗಿನ ಅನಿಮೇಶನ್‌ನಲ್ಲಿ ಹಿನ್ನೆಲೆ ಕಾಗದದ ಮೇಲೆ, ಪಾತ್ರಗಳು ‘ಸೆಲ್’ ಎಂಬ ಪಾರದರ್ಶಕ ಹಾಳೆಯ ಮೇಲೆ. ಒಂದರ ಮೇಲೊಂದಿಟ್ಟು ಚಿತ್ರೀಕರಿಸುತ್ತಿದ್ದರು. ಅಂದರೆ ಓಗಾ ಬರೆದದ್ದು ಇನ್ನೊಬ್ಬರು ಬಂದು ನಿಲ್ಲಬೇಕಾದ ಜಾಗ. ಮಕ್ಕಳು ಓಡುವ ದಾರಿಯ ನಡುವನ್ನು ಅವರು ಸಮಾಧಾನದಲ್ಲಿ ಬಿಟ್ಟಿರುತ್ತಾರೆ. ಹುಲ್ಲು, ಹೂ, ಕಲ್ಲಿನ ವಿವರಗಳೆಲ್ಲ ಅಂಚಿಗೆ. ಅಲ್ಲಿಯವರೆಗೆ ನಾನು ಕಾಗದದ ಮೂಲೆಮೂಲೆಯನ್ನೂ ತುಂಬುತ್ತಿದ್ದೆ. ಈಗ ಯಾವುದೇ ಚಿತ್ರಕ್ಕೆ ಕೂತರೂ ಇಲ್ಲಿಗೆ ಯಾರು ಬರುತ್ತಾರೆ ಎಂದು ಮೊದಲು ಕೇಳಿಕೊಳ್ಳುತ್ತೇನೆ.

ಎಲ್ಲಕ್ಕಿಂತ ನನ್ನನ್ನು ಅಲುಗಾಡಿಸಿದ್ದು ಮಣ್ಣಿನ ವಿಷಯ. ಟೊಟೊರೊನ ಹಳ್ಳಿಯ ನೆಲಕ್ಕೆ ಯಾವ ಬಣ್ಣ ಎಂದು ಮಿಯಾಜಾಕಿಗೂ ಓಗಾಗೂ ಚರ್ಚೆಯೇ ನಡೆದಿತ್ತಂತೆ. ಓಗಾ ಉತ್ತರದ ಅಕಿತಾದವರು, ಅವರ ಮನಸ್ಸಿನಲ್ಲಿದ್ದದ್ದು ಅಲ್ಲಿನ ಕಪ್ಪು ಮಣ್ಣು. ಮಿಯಾಜಾಕಿಗೆ ತೋಕಿಯೊ ಸುತ್ತಲಿನ ಕಾಂತೋ ಸೀಮೆಯ ಕೆಂಪು ಮಣ್ಣೇ ಬೇಕು. ಓದುತ್ತಿದ್ದಂತೆ ಮೈ ಜುಮ್ಮೆಂದಿತು. ನಾನು ಹುಟ್ಟಿದ್ದು ಗದಗ ಸೀಮೆಯ ಎರೆಯಲ್ಲಿ, ಸಂಬಳಕ್ಕೆಂದು ಬಂದು ನೆಲೆಸಿದ್ದು ಸಾಗರದ ಜಂಬಿಟ್ಟಿಗೆ ನೆಲದಲ್ಲಿ. ಕಪ್ಪು, ಕೆಂಪು ಎರಡೂ ನನ್ನ ಕಾಲಡಿ ಇದ್ದವು. ನಾನು ಮಾತ್ರ ಜಪಾನಿನ ಬದು ಬರೆಯುತ್ತ ಕೂತಿದ್ದೆ.

ಊರಿಗೆ ಹೋದಾಗ ಬಣ್ಣದ ಡಬ್ಬಿ ಒಯ್ದೆ. ಎರೆಯನ್ನು ಬರಿಯ ಕಪ್ಪಿನಲ್ಲಿ ಬರೆಯಲಾಗುವುದಿಲ್ಲ. ಬರ್ನ್ಟ್ ಅಂಬರ್‌ಗೆ ಕಡುನೀಲಿ ಬೆರೆಸಿದಾಗ ಹುಟ್ಟುವ ಕಪ್ಪಿಗೆ ಜೀವವಿರುತ್ತದೆ. ಅದಕ್ಕೆ ಚೂರು ಬಿಳಿ, ಚೂರು ಓಕರ್ ಸೇರಿಸಿ, ಬಿರುಕು ಬಿಟ್ಟ ಹೊಲ, ಬದುವಿನ ಜಾಲಿಗಿಡ ಬರೆದೆ. ಅವ್ವ ಬಂದು ಹಿಂದೆ ನಿಂತು ನೋಡಿದಳು.

“ಇದು ಬ್ಯಾಸಗಿ ಎರಿ ಐತಿ. ಮಳಿ ಬಿದ್ದ ಮ್ಯಾಲಿಂದು ಬರಿ ನೋಡೂಣು. ಆಗ ಅದರ ಮ್ಯಾಲ ಬೆಳಕ ಬ್ಯಾರೆನ ಇರ್ತೈತಿ.”

ಅವ್ವ ಕುಂಚ ಹಿಡಿದವಳಲ್ಲ. ಆ ಹೊಲದಲ್ಲಿ ಕಡಲೆ, ಬಿಳಿಜೋಳ, ಕುಸುಬೆ ಬಿತ್ತಿ ತೆಗೆದವಳು. ಮಳೆಯಾದ ಮರುದಿನ ಹೋಗಿ ನೋಡಿದೆ. ಒದ್ದೆ ಎರೆ ಸಂಜೆಯ ಬಿಸಿಲಿಗೆ ನೇರಳೆ ಹೊಡೆಯುತ್ತಿತ್ತು, ಹೆಜ್ಜೆಗುರುತಿನಲ್ಲಿ ನಿಂತ ನೀರಿನಲ್ಲಿ ಆಕಾಶದ ಚೂರುಗಳಿದ್ದವು. ಅಲ್ಲೇ ಬೆಳೆದವರು ನಾವು, ಆದರೂ ನಾನು ಅದನ್ನು ಬಣ್ಣವಾಗಿ ಕಂಡದ್ದು ಅಂದೇ.

2025ರ ಮಾರ್ಚ್ ಕೊನೆಯಲ್ಲಿ ಚಾಟ್‌ಜಿಪಿಟಿಗೆ ಫೋಟೊ ಕೊಟ್ಟು ‘ಜಿಬ್ಲಿ’ ಮಾಡಿಸುವ ಹುಚ್ಚು ಹಬ್ಬಿತಲ್ಲ, ಆಗ ನಮ್ಮ ಮನೆತನದ ವಾಟ್ಸಾಪ್ ಗುಂಪೂ ತುಂಬಿಹೋಯಿತು. ಮದುವೆ, ಸೀಮಂತ, ಎತ್ತಿನಗಾಡಿ, ಎಲ್ಲಕ್ಕೂ ಒಂದೇ ಮೆತ್ತನೆಯ ಬೆಳಕು. “ನೀ ಯಾಕ ಇಷ್ಟ ಒದ್ದಾಡ್ತಿ? ಫೋಟೊ ಹಾಕಿದ್ರ ಆತು” ಎಂದು ಚಿಕ್ಕಪ್ಪನ ಮಗ ಪ್ರೀತಿಯಿಂದಲೇ ಕೇಳಿದ. ಅವನು ಕಳಿಸಿದ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಗದಗಿನ ಹೊಲದ ನೆಲ ಎಲ್ಲಿಯದೂ ಅಲ್ಲದ ಒಂದು ಕಂದು ಬಣ್ಣಕ್ಕೆ ತಿರುಗಿತ್ತು. ಯಾವ ಮಣ್ಣು ಎಂದು ಇಬ್ಬರು ಕೂತು ವಾದ ಮಾಡಿದ್ದರಿಂದ ಟೊಟೊರೊನ ಹಳ್ಳಿ ಹುಟ್ಟಿದ್ದು. ಆ ವಾದವನ್ನು ಬಿಟ್ಟು ಮೇಲಿನ ಮೆರುಗನ್ನಷ್ಟೇ ತೆಗೆದುಕೊಂಡದ್ದು ನನಗೆ ನೋವು ತಂದಿತು. ಅವನಿಗೂ ಹಾಗೇ ಹೇಳಿದೆ.

ಈಗ ಅಣ್ಣನ ಮಗಳು ನನ್ನ ಜೊತೆ ಕೂರುತ್ತಾಳೆ. ಅವಳ ಪ್ರಾಣ ಜಪಾನಿ ಕಾರ್ಟೂನಿನ ನರುಟೊ. ಟೊಟೊರೊ ಅವಳಿಗೆ ತೀರಾ ನಿಧಾನ. ಸೆಲ್‌ನ ವಿಷಯ ಹೇಳಿದ್ದೇ ತಡ, ಸ್ಟೇಶನರಿ ಅಂಗಡಿಯಿಂದ ಓಎಚ್‌ಪಿ ಶೀಟ್, ಮಾರ್ಕರ್ ತರಿಸಿಕೊಂಡಳು. ಪಾರದರ್ಶಕ ಹಾಳೆಯ ಮೇಲೆ ನರುಟೊನನ್ನು ಬರೆದು ನನ್ನ ಎರೆಹೊಲದ ಮೇಲಿಟ್ಟು ಬದುವಿನಿಂದ ಬದುವಿಗೆ ಸರಿಸುತ್ತಾಳೆ. ಅವನ ಕಿತ್ತಳೆ ಬಣ್ಣದ ಅಂಗಿ ಕಪ್ಪು ನೆಲದ ಮೇಲೆ ಎಷ್ಟು ಚೆಂದ ಎದ್ದು ಕಾಣುತ್ತದೆ! ಜಾಲಿಗಿಡ ಮಾತ್ರ ಅವನು ಹಾರುವ ದಾರಿಗೆ ಅಡ್ಡ ಬರುತ್ತದೆಂದು ಅವಳ ತಕರಾರು. ಮುಂದಿನ ಚಿತ್ರಕ್ಕೆ ಅವಳೇ ಜಾಗ ಗೊತ್ತುಮಾಡಿದ್ದಾಳೆ: ಹುಬ್ಬಳ್ಳಿ ಬಸ್‌ಸ್ಟ್ಯಾಂಡು, ಮಳೆಗಾಲದಲ್ಲಿ, ನಡುವೆ ಸಾಕಷ್ಟು ಖಾಲಿ ಬಿಟ್ಟು.