ಒಂಟೆ ಕೊಟ್ಟು ಗೆದ್ದ ಆಟ



ಹೋದ ವರ್ಷ ಉಪಜಿಲ್ಲಾ ಚೆಸ್ ಪಂದ್ಯದಲ್ಲಿ ನಮ್ಮ ಹುಡುಗನೊಬ್ಬ ಧೈರ್ಯವಾಗಿ ಆನೆ ಬಲಿ ಕೊಟ್ಟ, ಸ್ವಲ್ಪ ಹೊತ್ತಲ್ಲೇ ಸೋತ. "ಅವನು ಬೇರೆ ಹಾಗೆ ಆಡ್ತಾನೆ ಅಂದ್ಕೊಂಡಿದ್ದೆ ಸರ್" ಅಂದ. ಅಂದರೆ ಅವನ ಹತ್ತಿರ ಊಹೆ ಇತ್ತು, ಪರೀಕ್ಷೆ ಆಗಿರಲಿಲ್ಲ. ಎದುರಾಳಿಯ ಅತ್ಯುತ್ತಮ ಉತ್ತರದ ಮುಂದೆಯೂ ನಿಂತರೆ ಮಾತ್ರ ಬಲಿ ಸರಿ.

ಬೋರ್ಡು ತೆಗೆದುಕೊಳ್ಳಿ. ಬಿಳಿ: ರಾಜ ಜಿ1, ಒಂಟೆ ಸಿ3, ಕಾಲಾಳುಗಳು ಜಿ2, ಎಚ್4. ಕಪ್ಪು: ರಾಜ ಇ6, ಒಂಟೆ ಎಫ್5, ಕಾಲಾಳುಗಳು ಎ4, ಡಿ5, ಎಫ್6, ಜಿ6. ಇದು 1998ರಲ್ಲಿ ಸ್ಪೇನಿನ ಲಿನಾರೆಸ್‌ನಲ್ಲಿ ಟೊಪಲೊವ್ (ಬಿಳಿ) ಮತ್ತು ಶಿರೊವ್ (ಕಪ್ಪು) ಆಡಿದ ಆಟ. ಈಗ ಕಪ್ಪಿನ 47ನೇ ನಡೆ.

ಕಪ್ಪಿಗೆ ಎರಡು ಕಾಲಾಳು ಹೆಚ್ಚು. ಆದರೆ ಒಂಟೆಗಳು ಬೇರೆ ಬೇರೆ ಬಣ್ಣದ ಮನೆಗಳಲ್ಲಿವೆ. ಇಂಥ ಆಟ ಎಷ್ಟೋ ಸಲ ಡ್ರಾ ಆಗುತ್ತದೆ. ಗೆಲ್ಲಲು ಕಪ್ಪು ರಾಜ ಇ4 ತಲುಪಬೇಕು. ಇ5ರ ದಾರಿಯನ್ನು ಬಿಳಿ ಒಂಟೆ ಕಾಯುತ್ತಿದೆ. ಎಫ್5ರಲ್ಲಿ ಅವನದೇ ಒಂಟೆ ಅಡ್ಡ! ಅದನ್ನು ಸುಮ್ಮನೆ ಸರಿಸಿದರೆ ಬಿಳಿ ರಾಜ ಎಫ್2ಕ್ಕೆ ಬರುತ್ತಾನೆ, ಮುಂದಿನ ನಡೆಯಲ್ಲಿ ಇ3ಕ್ಕೆ. ಅಲ್ಲಿಗೆ ಇ4 ಮುಚ್ಚಿತು. ಒಂದೇ ಒಂದು ನಡೆಯ ಕೊರತೆ.

ಶಿರೊವ್ ಒಂಟೆಯನ್ನು ಎಚ್3ಕ್ಕೆ ಇಟ್ಟ. ಪುಕ್ಕಟೆ ಕೊಟ್ಟ ಹಾಗೆ! ಆದರೆ ಅದು ಜಿ2 ಕಾಲಾಳಿನ ಮೇಲೆ ಬಿದ್ದಿದೆ, ಹಾಗಾಗಿ ಬಿಳಿ ಉತ್ತರ ಕೊಡಲೇಬೇಕು. ಎರಡು ಉತ್ತರ ಪರೀಕ್ಷಿಸೋಣ.

ಬಿಳಿ ಒಂಟೆಯನ್ನು ಕೊಂದರೆ: ಕಪ್ಪು ರಾಜ ಎಫ್5, ಬಿಳಿ ರಾಜ ಎಫ್2, ಕಪ್ಪು ರಾಜ ಇ4. ತಲುಪಿಬಿಟ್ಟ. ಕೊಲ್ಲದೆ ರಾಜನನ್ನು ಎಫ್2ಕ್ಕೆ ತಂದರೆ: ಕಪ್ಪು ರಾಜ ಎಫ್5, ಬಿಳಿ ರಾಜ ಎಫ್3. ಈಗ ಒಂಟೆ ಜಿ2ನ್ನು ಕೊಂದು ಶಹ ಕೊಡುತ್ತದೆ. ಬಿಳಿ ರಾಜ ಅದನ್ನು ಕೊಂದಾಗ ಜಿ2ಕ್ಕೆ ಹಿಂದೆ ಹೋದ, ಇ4 ಮತ್ತೆ ಖಾಲಿ.

ಟೊಪಲೊವ್ ಕೊಂದೇ ನೋಡಿದ. 53ನೇ ನಡೆಗೆ ಕಪ್ಪು ರಾಜ ಬಿ3ಕ್ಕೆ ಬಂದಾಗ ಸೋಲೊಪ್ಪಿದ. ಕಾಯಿ ಎಣಿಸಿದರೆ ಆಗಲೂ ಬಿಳಿಗೆ ಒಂದು ಒಂಟೆ ಹೆಚ್ಚು! ಆದರೆ ಆ ಒಂದೇ ಒಂಟೆ ಎ ಸಾಲಿನ ಕಾಲಾಳನ್ನೂ ಡಿ ಸಾಲಿನದನ್ನೂ ತಡೆಯಬೇಕು. ಮುಂದುವರಿಸಿದರೆ ಅದು ಬಿ4ರಲ್ಲಿ ನಿಂತು ಎ3, ಡಿ2 ಎರಡನ್ನೂ ಕಾಯುವ ಸ್ಥಿತಿ ಬರುತ್ತದೆ. ಆಗ ಕಪ್ಪು ಎ3ಕ್ಕೆ ತಳ್ಳುತ್ತದೆ. ಒಂಟೆ ಅದನ್ನು ಕೊಂದರೆ ಡಿ2ರ ಕಾವಲು ತಪ್ಪಿತು. ಇದು ನನಗೆ ಎಚ್3ಕ್ಕಿಂತಲೂ ಚಂದ ಕಾಣುತ್ತದೆ.

ಈಗ ನಿಮ್ಮ ಪ್ರಯೋಗ. ಬಿಳಿ: ಕಾಲಾಳುಗಳು ಎ5, ಬಿ5, ಸಿ5, ರಾಜ ಎಚ್1. ಕಪ್ಪು: ಕಾಲಾಳುಗಳು ಎ7, ಬಿ7, ಸಿ7, ರಾಜ ಜಿ5. ಬಿಳಿಯ ನಡೆ. ಬಿ6ಕ್ಕೆ ತಳ್ಳಿ, ಬಲಿ ಕೊಡಿ. ಸಿ7ರ ಕಾಲಾಳು ಕೊಂದರೆ ಎ6ಕ್ಕೆ ತಳ್ಳಿ. ಬಿ7ರದ್ದು ಅದನ್ನೂ ಕೊಂದರೆ ಸಿ6. ಕಪ್ಪು ರಾಜ ಓಡಿ ಬಂದರೂ ನಿಮ್ಮ ಕಾಲಾಳು ಸಿ8 ಮುಟ್ಟುತ್ತದೆ. ಎ7ರದ್ದು ಕೊಂದರೆ ಏನು ಮಾಡಬೇಕು, ನೀವೇ ಹುಡುಕಿ.

ಆಮೇಲೆ ಬೇರೆ ಏನನ್ನೂ ಬದಲಿಸದೆ ಕಪ್ಪು ರಾಜನನ್ನು ಮಾತ್ರ ಎಫ್6ರಲ್ಲಿಟ್ಟು ಆಡಿ. ಸಿ6 ಆದ ಮೇಲೆ ರಾಜ ಇ7, ಡಿ7ಕ್ಕೆ ಬಂದು ಕಾಲಾಳನ್ನು ಹಿಡಿಯುತ್ತಾನೆ; ಅದೇ ಬಲಿ ಕೆಟ್ಟಿತು. ಎಫ್5, ಎಫ್4ರಲ್ಲೂ ಇಟ್ಟು ನೋಡಿ. ರಾಜ ಎಲ್ಲಿದ್ದರೆ ಬಲಿ ಗೆಲ್ಲುತ್ತದೆ, ಎಲ್ಲಿದ್ದರೆ ಕೆಡುತ್ತದೆ ಎಂದು ಚೌಕುಳಿ ಹಾಳೆಯಲ್ಲಿ ಗುರುತು ಹಾಕಿ ತರಗತಿಗೆ ತನ್ನಿ.