ಬೆಳಿಗ್ಗೆ ಕುಂಟುವ ಹಸು ಮಧ್ಯಾಹ್ನ ಸರಿಯಾಗಿ ನಡೆಯುವುದೇಕೆ?

"ಬೆಳಿಗ್ಗೆ ಏಳೋಕೇ ಆಗ್ತಿರಲಿಲ್ಲ ಸಾರ್, ನೀವು ಬರೋ ಹೊತ್ತಿಗೆ ಸರಿಯಾಗಿ ನಡೀತಿದೆ." ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಉತ್ಪಾದಕರಿಂದ ಈ ಮಾತನ್ನು ಪದೇ ಪದೇ ಕೇಳಿದ್ದೇನೆ. ಹಿಂದೊಮ್ಮೆ ತರೀಕೆರೆ ಕಡೆಯ ಮಿಶ್ರತಳಿ ಹಸುವೊಂದನ್ನು ಮಧ್ಯಾಹ್ನ 12 ಗಂಟೆಗೆ ನೋಡಿ, "ಏನೂ ತೊಂದರೆಯಿಲ್ಲ" ಎಂದು ಹೇಳಿ ಬಂದಿದ್ದೆ. ತಿಂಗಳೊಪ್ಪತ್ತಿನಲ್ಲಿ ಹಿಂಗಾಲಿನ ಕೀಲು ಊದಿತು, ಹಾಲು ಅರ್ಧಕ್ಕಿಳಿಯಿತು. ಮನೆಯವರು ಅದನ್ನು ಸಿಕ್ಕ ಬೆಲೆಗೆ ಮಾರಿದರು. ಅವರು ಹೇಳಿದ್ದು ನಿಜವಾಗಿತ್ತು. ನಾನು ನೋಡಿದ ಹೊತ್ತು ತಪ್ಪಾಗಿತ್ತು.

ನೋವು ಏರಿಳಿಯುವುದೇಕೆ?

ಕೀಲಿನಲ್ಲಿ ಹಳೆಯ ಬಾವು (ಉರಿಯೂತ) ಇದ್ದರೆ ನೋವು ದಿನವಿಡೀ ಒಂದೇ ಸಮನೆ ಇರುವುದಿಲ್ಲ. ಸಂಧಿವಾತವಿರುವ ಹಿರಿಯರಿಗೆ ಬೆಳಿಗ್ಗೆ ಕೈಕಾಲು ಬಿಗಿದು, ಓಡಾಡಿದ ಮೇಲೆ ಸಡಿಲವಾಗುವುದನ್ನು ನೀವು ಕಂಡಿರಬಹುದು. ಅವರ ದೇಹದಲ್ಲಿ ಬಾವು ಹೆಚ್ಚಿಸುವ ವಸ್ತುಗಳು ರಾತ್ರಿಯ ಕೊನೆಯ ಜಾವದಲ್ಲಿ ಏರುತ್ತವೆ. ಬಾವು ತಗ್ಗಿಸುವ ಕಾರ್ಟಿಸಾಲ್ ಆ ಹೊತ್ತಿಗೆ ಅವುಗಳನ್ನು ಹಿಡಿದಿಡುವಷ್ಟು ಇರುವುದಿಲ್ಲ.

ಹಸುವಿನಲ್ಲಿ ಕಾರ್ಟಿಸಾಲ್‌ನ ದಿನದ ಏರಿಳಿತ ಅಷ್ಟು ಸ್ಪಷ್ಟವಲ್ಲ. ಆದರೆ ಹಸು ದಿನಕ್ಕೆ 10ರಿಂದ 12 ಗಂಟೆ ಮಲಗುತ್ತದೆ. ಅಲುಗಾಡದ ಕೀಲಿನಲ್ಲಿ ನೀರು ನಿಂತು ಬಿಗಿಯುತ್ತದೆ. ನಾಲ್ಕು ಹೆಜ್ಜೆ ನಡೆದ ಮೇಲೆ ಸಡಿಲವಾಗುತ್ತದೆ. ಗೊರಸಿನ ನೋವು ಸಾಮಾನ್ಯವಾಗಿ ಇದಕ್ಕೆ ವಿರುದ್ಧ: ಗಟ್ಟಿ ನೆಲ, ಜಲ್ಲಿ ದಾರಿಯಲ್ಲಿ ನಡೆದಷ್ಟೂ ಹೆಚ್ಚಿ, ಸಂಜೆಗೆ ಎದ್ದು ಕಾಣುತ್ತದೆ. ಜೊತೆಗೆ ಹಸು ಅಪರಿಚಿತರ ಮುಂದೆ ನೋವನ್ನು ಅಡಗಿಸುವ ಪ್ರಾಣಿ. ಆದ್ದರಿಂದ ನಿಮ್ಮ ಕಣ್ಣೇ ಮೊದಲ ಪರೀಕ್ಷೆ.

ಮೂರು ದಿನ, ಮೂರು ಹೊತ್ತು ನೋಡಿ

1. ಬೆಳಿಗ್ಗೆ, ಕರೆಯುವ ಮೊದಲು: ಏಳಲು ಎಷ್ಟು ಹೊತ್ತು ಹಿಡಿಯಿತು? ಮೊದಲ ಹತ್ತು ಹೆಜ್ಜೆ ಹೇಗಿದ್ದವು?
2. ಮಧ್ಯಾಹ್ನ: ನಿಂತಲ್ಲೇ ಕಾಲು ಬದಲಿಸುತ್ತಿದೆಯೇ? ಬೆನ್ನು ಬಾಗಿದೆಯೇ?
3. ಸಂಜೆ, ಮೇದು ಬಂದ ಮೇಲೆ: ಹೆಜ್ಜೆಗೆ ತಲೆ ಕುಣಿಸುತ್ತಿದೆಯೇ? ಬಂದೊಡನೆ ಮಲಗಿತೇ?

ಹಾಲಿನ ಅಳತೆಯೊಡನೆ ಇವನ್ನು ಬರೆದಿಟ್ಟು ಪಶುವೈದ್ಯರಿಗೆ ತೋರಿಸಿ. ಮೊಬೈಲಿನಲ್ಲಿ ಬೆಳಗಿನ ನಡಿಗೆಯ ವಿಡಿಯೋ ಇದ್ದರೆ ಇನ್ನೂ ಒಳ್ಳೆಯದು. ಕಾಲೂರಲು ಆಗದಿದ್ದರೆ ಅಥವಾ ಜ್ವರವಿದ್ದರೆ ಮೂರು ದಿನ ಕಾಯದೆ ಅಂದೇ ಕರೆಸಿ.

ಕೊಟ್ಟಿಗೆಯಲ್ಲಿ ಏನು ಮಾಡಬೇಕು?

ಅಮೃತಮಹಲ್ ರಾಸುಗಳು ಕಾವಲಿನಲ್ಲಿ ಮೇಯುತ್ತಾ ದಿನವೆಲ್ಲ ನಡೆಯುತ್ತವೆ. ನಮ್ಮ ಮಿಶ್ರತಳಿ ಹಸು ಸಿಮೆಂಟ್ ನೆಲದ ಮೇಲೆ ಗಿಡ್ಡ ಹಗ್ಗದಲ್ಲಿ ನಿಂತಿರುತ್ತದೆ. ರಬ್ಬರ್ ಮ್ಯಾಟ್ ಇಲ್ಲದಿದ್ದರೆ ತೆಂಗಿನ ನಾರಿನ ಪುಡಿ ಅಥವಾ ಒಣ ತರಗು ದಪ್ಪಗೆ ಹರಡಿ, ಒದ್ದೆಯಾದುದನ್ನು ದಿನವೂ ತೆಗೆಯಿರಿ. ಗಂಜಲ ನಿಲ್ಲಬಾರದು. ಸರಾಗವಾಗಿ ಮಲಗಿ ಏಳುವಷ್ಟು ಹಗ್ಗ ಬಿಡಿ. ಬೆಳೆದ ಗೊರಸನ್ನು ವರ್ಷಕ್ಕೆ ಎರಡು ಬಾರಿ ಪರೀಕ್ಷಿಸಿ, ಬೇಕಿದ್ದರೆ ಕತ್ತರಿಸಿಸಿ.

ಔಷಧದ ಬಗ್ಗೆ ಎಚ್ಚರ

ಮನೆಯಲ್ಲಿರುವ ನೋವಿನ ಮಾತ್ರೆಯನ್ನು ಹಸುವಿಗೆ ಕೊಡಬೇಡಿ. ಸತ್ತ ರಾಸುಗಳನ್ನು ತಿಂದ ರಣಹದ್ದುಗಳು ಸಾಯುವುದರಿಂದ ಡೈಕ್ಲೋಫೆನಾಕ್ ಅನ್ನು 2006ರಲ್ಲಿ, ಕೀಟೋಪ್ರೊಫೆನ್ ಮತ್ತು ಅಸೆಕ್ಲೋಫೆನಾಕ್‌ಗಳನ್ನು 2023ರಲ್ಲಿ ಜಾನುವಾರುಗಳಿಗೆ ನಿಷೇಧಿಸಲಾಗಿದೆ. ಮೆಲಾಕ್ಸಿಕಾಂ ರಣಹದ್ದುಗಳಿಗೆ ಸುರಕ್ಷಿತ. ಆದರೂ ವೈದ್ಯರ ಸಲಹೆಯಿಲ್ಲದೆ ಬೇಡ. ಚಿಕಿತ್ಸೆಯ ನಂತರ ವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಸಂಘಕ್ಕೆ ಹಾಕಬೇಡಿ.

ನೋವಿರುವ ಹಸು ಕಡಿಮೆ ಮೇಯುತ್ತದೆ, ಹಾಲು ಇಳಿಸುತ್ತದೆ, ಬೆದೆಯ ಲಕ್ಷಣವನ್ನೂ ಸರಿಯಾಗಿ ತೋರಿಸುವುದಿಲ್ಲ. ಆದ್ದರಿಂದ ನಾಳೆ ಬೆಳಿಗ್ಗೆ ಬಕೆಟ್ ಹಿಡಿದು ಕೂರುವ ಮೊದಲು, ನಿಮ್ಮ ಹಸು ಏಳುವುದನ್ನೊಮ್ಮೆ ನೋಡಿ.